ರಾಣಿ ಕೂತ ಕಲ್ಲು

ಆಲ್ದೂರಿನ ಗಿಡ್ಡಪ್ಪನವರು ಸುಳ್ಳುಗಾರರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಅವರ ಪಕ್ಕದ ಮನೆಯವನಾದ ನನ್ನ ಕರ್ತವ್ಯ. ಮೂವತ್ತೊಂದು ವರ್ಷ ಒಂದೇ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದು, ದಿನಾ ಬೆಳಿಗ್ಗೆ ಆಳುಗಳ ಹಾಜರಿ ಬರೆದು, ಒಬ್ಬರ ಹೆಸರೂ ತಪ್ಪದಂತೆ ನೋಡಿಕೊಂಡು ನಿವೃತ್ತರಾದವರು. ಅವರದು ಒಂದೇ ತೊಂದರೆ. ಎದುರಿಗಿದ್ದವರು ಏನಾದರೂ ದೊಡ್ಡದು ಹೇಳಿದರೆ, ಅದಕ್ಕಿಂತ ಒಂದು ಗೇಣು ದೊಡ್ಡದು ಅವರ ಬಾಯಿಂದ ತಾನಾಗಿಯೇ ಹೊರಗೆ ಬರುತ್ತದೆ. ಬಂದಮೇಲೆ ಎಲ್ಲರಿಗಿಂತ ಹೆಚ್ಚು ಗಾಬರಿ ಬೀಳುವವರೂ ಅವರೇ.

ಮಗಳು ಭವ್ಯಾಳ ಮಾತುಕತೆಯ ದಿನ ಹಾಗೇ ಆಯಿತು. ಗಂಡಿನ ತಂದೆ ದಾವಣಗೆರೆಯ ಬಸವರಾಜಪ್ಪನವರು ಹೈಸ್ಕೂಲಿನ ಪಿ.ಟಿ. ಮಾಸ್ತರರಾಗಿದ್ದವರು. ಅರವತ್ತೆರಡು ವರ್ಷ, ಬಿದಿರುಗಳುವಿನಂಥ ಮೈ, ಕೊರಳಲ್ಲಿ ಈಗಲೂ ಸೀಟಿ. ಉಪ್ಪಿಟ್ಟು ತಿನ್ನುತ್ತಾ, "ನಾನು ದಿನಾ ಎಂಟು ಕಿಲೋಮೀಟರ್ ಓಡ್ತೀನಿ ನೋಡ್ರಿ" ಅಂದರು.

"ನಾವು ಓಡೋದಿಲ್ಲ, ಹತ್ತೋದು. ನಮ್ಮ ಬಲ್ಲಾಳರಾಯನ ದುರ್ಗ ಇದೆಯಲ್ಲ, ಇಪ್ಪತ್ತೈದು ಸಲ ಹತ್ತಿರಬಹುದು. ಅಲ್ಲಿ ಒಂದೊಂದು ಕಲ್ಲೂ ನನಗೆ ಪರಿಚಯ" ಅಂದರು ಗಿಡ್ಡಪ್ಪ.

ಅಡುಗೆಮನೆಯಲ್ಲಿ ಪ್ರೇಮಲತಾ ಅವರ ಕೈಯಿಂದ ಸೌಟು ಬಿದ್ದ ಸದ್ದು ಕೇಳಿಸಿತು. ಮೂಡಿಗೆರೆ ಕಡೆಯ ಆ ಹೊಯ್ಸಳರ ಕಾಲದ ಕೋಟೆಯನ್ನು ಗಿಡ್ಡಪ್ಪನವರು ನೋಡಿದ್ದು ಒಂದೇ ಸಲ. ಸುಂಕಸಾಲೆಯಲ್ಲಿ ಯಾರದೋ ಮದುವೆಗೆ ಹೋಗಿದ್ದಾಗ, ಕೈ ತೊಳೆಯಲು ಹೊರಗೆ ಬಂದವರಿಗೆ, ಮಂಜು ಸರಿದು ಬೆಟ್ಟದ ನೆತ್ತಿ ಅರ್ಧ ನಿಮಿಷ ಕಂಡಿತ್ತು. ಅಷ್ಟೇ ಪರಿಚಯ.

ಮದುವೆ ಆಯಿತು. ನವೆಂಬರ್ ತಿಂಗಳಲ್ಲಿ ಒಂದು ದಿನ ಬೀಗರ ಫೋನು ಬಂತು. "ಎರಡು ದಿನಕ್ಕೆ ಚಿಕ್ಕಮಗಳೂರಿಗೆ ಬರ್ತಿದ್ದೀವ್ರಿ. ಶುಕ್ರವಾರ ಸಿಟಿ ನೋಡೋದು, ಲಾಡ್ಜಲ್ಲಿ ಉಳಿಯೋದು. ಶನಿವಾರ ನಿಮ್ಮ ಜೊತಿ ದುರ್ಗ. ತನ್ಮಯ್ ಎಲ್ಲರಿಗೂ ಆನ್‌ಲೈನ್‌ನಾಗ ಟಿಕೆಟ್ ಮಾಡ್ಸ್ಯಾನ. ನಿಮ್ಮ ಹೆಸರು ಮೊದಲನೇದು."

ತನ್ಮಯ್ ಅಂದರೆ ಅಳಿಯ. ಬೀಗರ ಫೋನಿನ ಹಿಂದೆಯೇ ಮಗಳ ಫೋನು. "ಅಪ್ಪಾ, ಮಾವ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ, ನಮ್ಮ ಬೀಗರಿಗೆ ಕೋಟೆಯ ಕಲ್ಲು ಕಲ್ಲೂ ಗೊತ್ತು ಅಂತ. ನನ್ನ ಮರ್ಯಾದೆ ನಿನ್ನ ಕೈಯಲ್ಲಿದೆ."

"ಕೈಯಲ್ಲಲ್ಲ, ಕಾಲಲ್ಲಿದೆ" ಅಂದರು ಪ್ರೇಮಲತಾ.

ಗಿಡ್ಡಪ್ಪ ಮರುದಿನದಿಂದಲೇ ತಯಾರಿ ಶುರುಮಾಡಿದರು. ಮೊದಲ ದಿನ ಮನೆಯಿಂದ ಬಸ್‌ಸ್ಟ್ಯಾಂಡಿನ ತನಕ ಬಿರುಸಾಗಿ ನಡೆದು ಹೋದರು, ಆಟೋದಲ್ಲಿ ವಾಪಸು ಬಂದರು. ಎರಡನೆಯ ದಿನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡರು. ಮೂರನೆಯ ದಿನ ಶುಕ್ರವಾರವೇ ಬಂದುಬಿಟ್ಟಿತು.

ಶನಿವಾರ ಬೆಳಿಗ್ಗೆ ಬೀಗರ ಕಾರು ಬಂದಾಗ ಗಿಡ್ಡಪ್ಪನವರ ಆರಡಿ ಮೈಗೆ ಬಿಳಿ ಅಂಗಿ, ತಲೆಗೆ ಎಸ್ಟೇಟಿನ ಕಾಲದ ಹ್ಯಾಟು. ಬೀಗಿತ್ತಿ ನಂಜಮ್ಮ ಹಿಂದಿನ ಸೀಟಿನಲ್ಲಿ ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದರು. ಹಿಂದಿನ ದಿನ ಗಂಡ ಅವರನ್ನು ಚಿಕ್ಕಮಗಳೂರಿನಲ್ಲಿ ನಡೆಸಿಯೇ ತೋರಿಸಿದ್ದರು. ಮಾರ್ಕೆಟ್ಟು, ಕೆರೆ, ಕಾಫಿ ಪುಡಿ ಅಂಗಡಿ, ಎಲ್ಲಾ ನಡೆದೇ. "ಇವರು ಮುಂದ, ನಾನು ಹಿಂದ. ಇವರ ಬೆನ್ನೊಂದು ನೋಡಿದೆ ನೋಡ್ರಿ, ಚಿಕ್ಕಮಗಳೂರು ಕಾಣಲಿಲ್ಲ" ಅಂತ ನಂಜಮ್ಮ ಪ್ರೇಮಲತಾ ಅವರಿಗೆ ಮೆಲ್ಲಗೆ ಹೇಳಿದರು.

ಕೊಟ್ಟಿಗೆಹಾರದಲ್ಲಿ ನೀರುದೋಸೆ. ಗಿಡ್ಡಪ್ಪ ಧೈರ್ಯಕ್ಕೆಂದು ಎಂಟು ತಿಂದರು. ಈ ಎಂಟು ದೋಸೆ ಮುಂದೆ ನಡೆದ ಚರಿತ್ರೆಗೆ ಕಾರಣ ಅಂತ ಪ್ರೇಮಲತಾ ಇವತ್ತಿಗೂ ಹೇಳುತ್ತಾರೆ.

ಬೆಟ್ಟದ ಬುಡದಲ್ಲಿ ಅರಣ್ಯ ಇಲಾಖೆಯ ವಾಚರ್ ಲಿಂಗಪ್ಪ ಟಿಕೆಟ್ ನೋಡಿ, ಬ್ಯಾಗು ನೋಡಿ, ಜೊತೆಗೆ ಹೊರಟ. ಆ ಊರಿನವನೇ. ಮಾತು ಕಡಿಮೆ. ಇವರ ಹಿಂದೆಯೇ ಮೈಸೂರಿನಿಂದ ಬಂದ ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರ ಗುಂಪು.

"ಹೂಂ, ಬೀಗರೇ, ಮುಂದ ನಡೀರಿ" ಅಂತ ಬಸವರಾಜಪ್ಪ ಪುರ್ರನೆ ಸೀಟಿ ಊದಿದರು. ಗಿಡ್ಡಪ್ಪ ಮುಂದೆ ನಡೆದರು. ಹುಲ್ಲಿನ ಏರು ಕಣ್ಣಿಗೆ ಮೆತ್ತಗೆ ಕಂಡರೂ ಕಾಲಿಗೆ ಹಾಗಿರಲಿಲ್ಲ. ಕಾಲು ಗಂಟೆಯಲ್ಲಿ ಅವರ ಎದೆಯೊಳಗೆ ಹಿಟ್ಟಿನ ಗಿರಣಿ ಶುರುವಾಯಿತು. ಎಂಟೂ ದೋಸೆ ಒಂದೊಂದಾಗಿ ನೆನಪಾದವು. ದಾರಿಯ ಪಕ್ಕದಲ್ಲಿ ಒಂದು ಚಪ್ಪಟೆ ಕರಿಕಲ್ಲು ಕಂಡಿತು. ಅದರ ಮೇಲೆ ಅವರು ಕೂತರು ಅನ್ನುವುದಕ್ಕಿಂತ, ಅದು ಅವರನ್ನು ಹಿಡಿದುಕೊಂಡಿತು ಅನ್ನಬೇಕು.

"ಯಾಕ್ರೀ ಬೀಗರೇ, ಸುಸ್ತಾತೇನು?" ಬಸವರಾಜಪ್ಪ ಮೇಲಿನಿಂದ ಕೂಗಿದರು.

ಸುಸ್ತು ಅನ್ನುವ ಮಾತು ಕೇಳಿದ್ದೇ ಗಿಡ್ಡಪ್ಪನವರ ಬಾಯಿ ಕೆಲಸ ಶುರುಮಾಡಿತು. "ಎಂಥ ಸುಸ್ತು ಮಾರಾಯ್ರೆ! ಇದು... ರಾಣಿ... ಕೂತ ಕಲ್ಲು."

"ಯಾವ ರಾಣಿ?"

"ಕೋಟೆಯ ರಾಣಿ. ಮೇಲೆ ಹೋಗುವಾಗ ಇಲ್ಲಿ ಕೂತು, ಉಸಿರು ಸಮ ಆದಮೇಲೇ ಹೆಜ್ಜೆ ಇಡ್ತಿದ್ದಳು. ಏದುಸಿರು ಬಿಡ್ತಾ ಬಂದವರು ಶತ್ರುಗಳು ಅಂತ ಲೆಕ್ಕ. ಅದಕ್ಕೇ ಇಲ್ಲಿ ಕೂರದೆ ಯಾರೂ ಮುಂದೆ ಹೋಗೋ ಪದ್ಧತಿ ಇಲ್ಲ."

"ಮೊದಲೇ ಹೇಳಬಾರದೇನ್ರೀ!" ಅಂತ ಬಸವರಾಜಪ್ಪ ನಾಲ್ಕೇ ನೆಗೆತಕ್ಕೆ ಕೆಳಗೆ ಬಂದರು. ಅಷ್ಟರಲ್ಲಿ ನಂಜಮ್ಮ ಸೆರಗಿನಿಂದ ಕಲ್ಲು ಒರೆಸಿ ಕೂತಾಗಿತ್ತು. ಅವರ ಮುಖದಲ್ಲಿ ಕಂಡ ಸುಖವನ್ನು ಭಕ್ತಿ ಅಂತ ಎಲ್ಲರೂ ತಿಳಿದರು.

"ಮೊಣಕಾಲು ನೋಯ್ತಿದೆಯಾ ಅಮ್ಮ?" ಅಂತ ಗಿಡ್ಡಪ್ಪ ಕೇಳಿದರು. ನೋಯುತ್ತಿದೆ ಅಂದರೆ ಇನ್ನು ಐದು ನಿಮಿಷ ಕೂರಬಹುದು ಅಂತ ಅವರ ಆಸೆ.

"ಭಾಳ" ಅಂದರು ನಂಜಮ್ಮ.

"ಹಾಗಾದರೆ ಕಾಲು ಗಂಟೆ ಕೂರಬೇಕು. ಮೊಣಕಾಲಿಗೆ ಕಾಲು ಗಂಟೆ ಅಂತ ನಿಯಮ."

ನಿಯಮ ಅಂದಮೇಲೆ ಬಸವರಾಜಪ್ಪನವರೂ ಹೆಂಡತಿಯ ಪಕ್ಕ ಕೂತರು. ಹಿಂದೆ ಬಂದ ಮೈಸೂರಿನ ಗುಂಪೂ ನಿಂತಿತು. ಮೇಘಶ್ರೀ ಅನ್ನುವ ಹುಡುಗಿ ಫೋನು ಎತ್ತಿ ಹಿಡಿದು, "ಅಂಕಲ್, ಶತ್ರು ಅಂದ್ರಲ್ಲ, ಅಲ್ಲಿಂದ ಇನ್ನೊಂದ್ಸಲ ಹೇಳಿ" ಅಂದಳು. ಹ್ಯಾಟು ಸರಿಮಾಡಿಕೊಂಡು ಗಿಡ್ಡಪ್ಪ ಇನ್ನೊಂದು ಸಲ ಹೇಳಿದರು. ಎರಡನೆಯ ಸಲಕ್ಕೆ ರಾಣಿಯ ಜೊತೆ ಇಬ್ಬರು ಸಖಿಯರೂ ಸೇರಿಕೊಂಡಿದ್ದರು.

ಆಮೇಲಿನ ಏರಿನಲ್ಲಿ ರಾಣಿ ನೀರು ಕುಡಿದ ಕಲ್ಲು ಬಂತು. ರಾಣಿ ಹಿಂತಿರುಗಿ ತವರಿನ ದಿಕ್ಕು ನೋಡಿದ ತಿರುವು ಬಂತು. ಒಂದು ಕಡೆ ಗಿಡ್ಡಪ್ಪ ಅಂಗಾತ ಮಲಗಿಯೇಬಿಟ್ಟರು. ಅದು ರಾಣಿ ಆಕಾಶ ನೋಡಿ ಮಳೆ ಹೇಳುತ್ತಿದ್ದ ಜಾಗ. ಹನ್ನೆರಡು ಮಂದಿ ಹುಡುಗರೂ ಸಾಲಾಗಿ ಮಲಗಿ ಆಕಾಶ ನೋಡಿದರು. ಬಸವರಾಜಪ್ಪನವರಿಗೆ ಪ್ರಶ್ನೆಗಳು ಏಳತೊಡಗಿದವು. ರಾಣಿಯ ವಯಸ್ಸೆಷ್ಟು, ರಾಜ ಯಾಕೆ ಜೊತೆಗೆ ಬರುತ್ತಿರಲಿಲ್ಲ, ಇಷ್ಟು ಕಡೆ ಕೂತರೆ ಕೋಟೆ ಮುಟ್ಟುತ್ತಿದ್ದದ್ದು ಯಾವಾಗ. ಉತ್ತರ ಕೊಡಲು ಗಿಡ್ಡಪ್ಪನವರಲ್ಲಿ ಗಾಳಿ ಉಳಿದಿರಲಿಲ್ಲ.

"ಇಲ್ಲಿಂದ ಮುಂದೆ ಮೌನ" ಅಂದರು. "ಮಾತಾಡಬಾರದು. ಸೀಟಿಯಂತೂ ಊದಲೇಬಾರದು."

ಲಿಂಗಪ್ಪ ಇಷ್ಟು ಹೊತ್ತು ಅಡಿಕೆ ಜಗಿಯುತ್ತಾ ಕೇಳುತ್ತಿದ್ದವನು ಆಗ ಬಾಯಿ ತೆಗೆದ. "ಅಲ್ಲ ಯಜಮಾನ್ರೆ, ನಾನು ಹುಟ್ಟಿದ್ದೇ ಈ ಬುಡದಲ್ಲಿ..."

"ಶ್ಶ್!" ಅಂದರು ನಂಜಮ್ಮ. ಲಿಂಗಪ್ಪ ಮತ್ತೆ ಅಡಿಕೆ ಜಗಿಯತೊಡಗಿದ.

ಹೀಗೆ ಕೂತು, ಮಲಗಿ, ಸುಮ್ಮನಿದ್ದು ಅವರೆಲ್ಲ ಕೋಟೆ ಮುಟ್ಟಿದರು. ಮುರಿದ ಕಲ್ಲಿನ ಗೋಡೆ, ಅದರ ಮೇಲೆ ಹುಲ್ಲು, ಗೋಡೆಯ ಆಚೆ ಬೆಟ್ಟದ ಹಿಂದೆ ಬೆಟ್ಟ. ಗಾಳಿಗೆ ಹ್ಯಾಟು ಹಾರಿಹೋಯಿತು. ಗಿಡ್ಡಪ್ಪ ಹಿಡಿಯಲೂ ಇಲ್ಲ, ಬಾಯಿ ತೆರೆದು ನೋಡುತ್ತಾ ನಿಂತರು. ಇಪ್ಪತ್ತಾರನೆಯ ಸಲ ಬಂದವರು ಹೀಗೆ ನೋಡುತ್ತಾರೆಯೇ ಅಂತ ಯಾರಾದರೂ ಕೇಳಬಹುದಿತ್ತು. ಆದರೆ ಮೌನ ನಡೆಯುತ್ತಿತ್ತು.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಹೇಳುವ ಅಗತ್ಯವೇ ಇರಲಿಲ್ಲ.

ಬುಧವಾರ ಬೆಳಿಗ್ಗೆ ಹೂವು ಮಾರುವ ಮುತ್ತಮ್ಮ ಗಿಡ್ಡಪ್ಪನವರ ಗೇಟಿನ ಮುಂದೆ ನಿಂತು, "ಅಣ್ಣಾ, ನೀವು ಫೋನಲ್ಲಿ ಬಂದಿದ್ದೀರಿ!" ಅಂದಳು. ಮೇಘಶ್ರೀ ಹಾಕಿದ ವಿಡಿಯೋವನ್ನು ಎರಡು ಲಕ್ಷ ಜನ ನೋಡಿದ್ದರು. ಕೆಳಗೆ 'ಇಪ್ಪತ್ತೈದು ಸಲ ಕೋಟೆ ಹತ್ತಿದ ಇತಿಹಾಸ ತಜ್ಞ ಗಿಡ್ಡಪ್ಪ ಸರ್' ಅಂತ ಹೆಸರು. ಸಂಜೆಯ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರಿಗೆ ಎದ್ದು ಜಾಗ ಬಿಡುವವರಾದರು. ಎಸ್ಟೇಟಿನ ಹಳೇ ಮೇಸ್ತ್ರಿ ಮಾತ್ರ, "ರೈಟರೇ, ಇಪ್ಪತ್ತೈದು ಸಲ ಯಾವಾಗ ಹೋದ್ರಿ? ರಜೆ ಹಾಕಿದ್ದು ನೆನಪಿಲ್ಲವಲ್ಲ" ಅಂತ ಕೇಳಿದ. ಗಿಡ್ಡಪ್ಪ ಕಾಫಿ ಅರ್ಧಕ್ಕೆ ಬಿಟ್ಟು ಎದ್ದು ಬಂದರು.

ಮುತ್ತಮ್ಮ ಮತ್ತೆ ಬಂದಳು. "ಅಲ್ಲಿಗೆ ಹೋಗೋರು ಹೂವಿನ ಜೊತೆ ಬಳೆನೂ ಕೇಳ್ತಾರೆ ಅಣ್ಣಾ. ರಾಣಿಗೆ ಯಾವ ಬಣ್ಣ ಇಷ್ಟ?"

"ನನಗೆ ಗೊತ್ತಿಲ್ಲ" ಅನ್ನಬೇಕು ಅಂತಲೇ ಗಿಡ್ಡಪ್ಪ ಬಾಯಿ ತೆರೆದದ್ದು. "ಹಸಿರು" ಅಂತ ಬಂತು.

ಭಾನುವಾರ ಲಿಂಗಪ್ಪನ ಫೋನು. "ಯಜಮಾನ್ರೆ, ಇಲ್ಲಿ ಕಲ್ಲಿನ ಮುಂದೆ ನಲವತ್ತು ಜನ ಸಾಲು ನಿಂತಿದ್ದಾರೆ. ಅರಿಶಿನ, ಕುಂಕುಮ, ಹಸಿರು ಬಳೆ. ಪೂರ್ವಕ್ಕೆ ಮುಖ ಮಾಡಿ ಕೂರೋದೋ ಪಶ್ಚಿಮಕ್ಕೋ ಅಂತ ಹಾಸನದವರಿಗೂ ತುಮಕೂರಿನವರಿಗೂ ಜಗಳ ಹತ್ತಿದೆ. ಹೊಡೆದಾಡೋ ಮೊದಲು ಒಂದು ಹೇಳಿಬಿಡಿ."

"ಲಿಂಗಪ್ಪ, ನಿನಗೆ ಗೊತ್ತಲ್ಲ ಮಾರಾಯ, ಅದೆಲ್ಲ..."

"ನನಗೆ ಗೊತ್ತು. ಇವರಿಗೆ ಗೊತ್ತಿಲ್ಲ. ಬೇಗ ಹೇಳಿ."

"ಪೂರ್ವ" ಅಂದರು ಗಿಡ್ಡಪ್ಪ.

ಆ ಕಡೆಯ ಪಂಚಾಯಿತಿ ಮೆಂಬರ್ ಶಂಕರ ಬೈಕಿನಲ್ಲಿ ಹುಡುಕಿಕೊಂಡು ಬಂದ. ಸ್ವಾಗತ ಕೋರುವ ಬ್ಯಾನರಿಗೆ ರಾಣಿಯ ಹೆಸರು ಬೇಕಿತ್ತು. ಈ ಸಲ ಗಿಡ್ಡಪ್ಪ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದರು. ಎಷ್ಟು ಕೇಳಿದರೂ ಕೈ ತೆಗೆಯಲಿಲ್ಲ. ಶಂಕರ ಗೌರವದಿಂದ ಕೈ ಮುಗಿದು ಹೋದ. ಮೂರು ದಿನದಲ್ಲಿ ಬ್ಯಾನರ್ ಬಂತು: 'ಹೆಸರು ಹೇಳಬಾರದ ರಾಣಿಯ ನಾಡಿಗೆ ಸ್ವಾಗತ.'

ಅದರ ಮರುದಿನವೇ ಅರಣ್ಯಾಧಿಕಾರಿಗಳ ಕಚೇರಿಯಿಂದ ಫೋನು. ಸೋಮವಾರ ಹನ್ನೊಂದು ಗಂಟೆಗೆ ದಾಖಲೆಗಳ ಸಮೇತ ಬರಬೇಕು.

"ದಾಖಲೆ ಎಂಥದು ತಗೊಂಡು ಹೋಗ್ತೀರಿ? ದೋಸೆ ಬಿಲ್ಲಾ?" ಅಂದರು ಪ್ರೇಮಲತಾ.

ಗಿಡ್ಡಪ್ಪನವರಿಗೆ ಊಟ ಸೇರಲಿಲ್ಲ. ಅಧಿಕಾರಿಗಳು ಬೈದರೆ ಬೈಸಿಕೊಳ್ಳಬಹುದು. ಆದರೆ ಸುದ್ದಿ ದಾವಣಗೆರೆ ಮುಟ್ಟಿದರೆ? ಹೊಸ ಮನೆಯಲ್ಲಿ ಮಗಳು ಮುಖ ಎತ್ತಿ ಓಡಾಡುವುದು ಹೇಗೆ? ಗುಟ್ಟಾಗಿ ಹೋಗಿ, ಗುಟ್ಟಾಗಿ ತಪ್ಪು ಒಪ್ಪಿಕೊಂಡು, ಮಧ್ಯಾಹ್ನದ ಬಸ್ಸಿಗೆ ಬಂದುಬಿಡುವುದು ಅಂತ ನಿರ್ಧಾರವಾಯಿತು.

ಸೋಮವಾರ ಒಂಬತ್ತು ಗಂಟೆಗೆ ಅವರು ಗೇಟು ತೆಗೆಯುವುದಕ್ಕೂ, ಒಂದು ಮಿನಿ ಬಸ್ಸು ಬಂದು ಗೇಟಿಗೆ ಅಡ್ಡ ನಿಲ್ಲುವುದಕ್ಕೂ ಸರಿಹೋಯಿತು. ಬಸ್ಸಿನಿಂದ ಮೊದಲು ಸೀಟಿ ಸದ್ದು ಇಳಿಯಿತು. ಅದರ ಹಿಂದೆ ಬಸವರಾಜಪ್ಪ, ಅವರ ಹಿಂದೆ ನಂಜಮ್ಮ, ನಂಜಮ್ಮನ ಹಿಂದೆ ಅವರ ಭಜನಾ ಮಂಡಳಿಯ ಇಪ್ಪತ್ತು ಹೆಂಗಸರು.

"ನಿಮಗ ಹೇಳದೇ ಬಂದ್ವಿ ನೋಡ್ರಿ" ಅಂದರು ಬಸವರಾಜಪ್ಪ. "ಆ ಕಲ್ಲಿನ ಮ್ಯಾಲ ಕೂತು ಬಂದಾಗಿಂದ ಇವಳ ಮೊಣಕಾಲು ಎಷ್ಟೋ ಮೇಲು. ಇವರೆಲ್ಲರೂ ಕೂರಬೇಕಂತ. ಹತ್ರಿ ಬಸ್ಸು. ನೀವಿಲ್ಲದ ಹ್ಯಾಂಗ?"

ಗುಂಪಿನ ಹಿರಿಯಾಕೆಯೊಬ್ಬರು ಗಿಡ್ಡಪ್ಪನವರಿಗೆ ಶಾಲು ಹೊದಿಸಿ, ಕೈಗೆ ಎರಡು ಮೋಸಂಬಿ ಕೊಟ್ಟರು. ಗಿಡ್ಡಪ್ಪನವರ ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು.

"ನನಗೆ ಹನ್ನೊಂದಕ್ಕೆ ಫಾರೆಸ್ಟ್ ಆಫೀಸಲ್ಲಿ ಕೆಲಸ ಇದೆ" ಅಂತ ಅವರು ಮೆಲ್ಲಗೆ ಅಂದರು.

"ಆಫೀಸಿನವರೂ ಕರೆಸ್ಯಾರ! ಸನ್ಮಾನ ಇರಬೇಕು!" ಅಂತ ಬಸವರಾಜಪ್ಪ ಸೀಟಿ ಊದಿಯೇಬಿಟ್ಟರು.

ಹೀಗೆ ಶಾಲು ಹೊದ್ದು, ಮೋಸಂಬಿ ಹಿಡಿದು, ಇಪ್ಪತ್ತೊಂದು ಹೆಂಗಸರು, ಒಬ್ಬ ಬೀಗರು ಮತ್ತು ಒಬ್ಬ ಹೆಂಡತಿಯ ಸಮೇತ ಗಿಡ್ಡಪ್ಪನವರು ವಿಚಾರಣೆಗೆ ಹಾಜರಾದರು. ಅಧಿಕಾರಿ ಮರಿಯಮ್ಮ ಮೇಡಂ ಮೆರವಣಿಗೆಯನ್ನು ಕಿಟಕಿಯಿಂದ ನೋಡಿ, ಒಳಗೆ ಜಾಗ ಸಾಲದೆಂದು ವರಾಂಡಕ್ಕೇ ಕುರ್ಚಿ ತರಿಸಿಕೊಂಡರು. ಲಿಂಗಪ್ಪ ಒಂದು ಕಂಬಕ್ಕೆ ಒರಗಿ ನಿಂತಿದ್ದ.

"ರಾಣಿ ಕೂತ ಕಲ್ಲು" ಅಂತ ಮೇಡಂ ಫೈಲು ತೆರೆದು ಓದಿದರು. "ಯಾವ ಶಾಸನದಲ್ಲಿದೆ? ಯಾವ ಪುಸ್ತಕದಲ್ಲಿದೆ? ನಿಮಗೆ ಯಾರು ಹೇಳಿದರು?"

ಗಿಡ್ಡಪ್ಪ ಬೀಗರ ಕಡೆ ನೋಡಿದರು. ಹೆಂಡತಿಯ ಕಡೆ ನೋಡಿದರು. ಪ್ರೇಮಲತಾ ಹೂಂ ಅನ್ನುವಂತೆ ಗದ್ದ ಆಡಿಸಿದರು.

"ಮೇಡಂ, ನನಗೆ ಉಸಿರು ಕಟ್ಟಿತು."

ಮೇಡಂ ಧಡಕ್ಕನೆ ಎದ್ದರು. "ಲಿಂಗಪ್ಪ, ನೀರು! ಫ್ಯಾನು ಹಾಕಿ! ಅವರ ಶಾಲು ತೆಗೀರಿ!" ಇಬ್ಬರು ಹೆಂಗಸರು ಸೆರಗಿನಿಂದ ಗಾಳಿ ಹಾಕಿದರು. ಬಸವರಾಜಪ್ಪ ಗಿಡ್ಡಪ್ಪನವರ ಎರಡೂ ಕೈ ಹಿಡಿದು ಮೇಲೆ ಕೆಳಗೆ ಆಡಿಸುತ್ತಾ, "ಒಂದು, ಎರಡು, ಒಂದು, ಎರಡು" ಅನ್ನತೊಡಗಿದರು.

"ಈಗ ಅಲ್ಲ ಮಾರಾಯ್ರೆ! ಅವತ್ತು!" ಅಂತ ಗಿಡ್ಡಪ್ಪ ಕೂಗಿದರು. "ಅವತ್ತು ಉಸಿರು ಕಟ್ಟಿತು. ಅದಕ್ಕೆ ಕೂತೆ. ರಾಣಿ ಕೂತಿಲ್ಲ, ನಾನು ಕೂತದ್ದು. ನೀರು ಕುಡಿದದ್ದೂ ನಾನೇ, ಮಲಗಿದ್ದೂ ನಾನೇ. ಇಪ್ಪತ್ತೈದು ಸಲ ಅಲ್ಲ, ಅವತ್ತೇ ಮೊದಲನೇ ಸಲ. ಸುಸ್ತು ಅಂತ ಹೇಳೋಕೆ ನಾಚಿಕೆ ಆಯ್ತು."

ಕೈ ಆಡಿಸುತ್ತಿದ್ದ ಬಸವರಾಜಪ್ಪ 'ಒಂದು' ಅನ್ನುವಲ್ಲಿಗೆ ನಿಂತುಬಿಟ್ಟಿದ್ದರಿಂದ ಗಿಡ್ಡಪ್ಪನವರ ಎರಡೂ ಕೈ ಶರಣಾದವರಂತೆ ಮೇಲೆಯೇ ಉಳಿದವು.

"ಹಂಗಾರ ಇವಳ ಮೊಣಕಾಲು?" ಅಂತ ಬಸವರಾಜಪ್ಪ ಹೆಂಡತಿಯ ಕಡೆ ತಿರುಗಿದರು.

"ನನಗ ಅವತ್ತೇ ಗೊತ್ತಿತ್ತು" ಅಂದರು ನಂಜಮ್ಮ.

"ಏನು ಗೊತ್ತಿತ್ತು?"

"ರಾಣಿ ಇಲ್ಲ ಅಂತ. ಪಾಪ, ಇವರ ಅಂಗಿ ಬೆನ್ನಿಗೆ ಅಂಟಿತ್ತು. ಮಾತಿಗೊಮ್ಮೆ ಉಸಿರು ಎಳೀತಿದ್ರು. ರಾಣಿ ಕಥಿ ಹೇಳೋ ಮನುಷಾ ಹಂಗ ಬೆವರ್ತಾನೇನ್ರೀ?"

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಎಬ್ಬಿಸ್ತಿದ್ರಿ." ನಂಜಮ್ಮ ಅಧಿಕಾರಿಗಳ ಕಡೆ ತಿರುಗಿದರು. "ಮೂವತ್ನಾಲ್ಕು ವರ್ಷ ಆತು ಮೇಡಂ, ಇವರ ಹಿಂದ ನಡಿಯಾಕ ಹತ್ತಿ. ಎಲ್ಲಿಗೆ ಹೋದ್ರೂ ಸೀಟಿ ಊದಿ ಮುಂದ ಹೋಗ್ತಾರ. ಹಿಂದ ಬಂದಳೋ ಇಲ್ಲೋ ನೋಡೂದಿಲ್ಲ. ಅವತ್ತು ಮೊದಲನೇ ಸಲ ನನ್ನ ಪಕ್ಕ ಕಾಲು ಗಂಟೆ ಕೂತ್ರು. ಮೊಣಕಾಲು ಹಗುರಾಗದ ಏನು ಮಾಡ್ತದ? ಇವರಿಗೆಲ್ಲ ಅದನ್ನೇ ಹೇಳಿದೆ. ಇವರ ಮನಿಯವರೂ ಎಲ್ಲಾ ಹಂಗೇ."

ಇಪ್ಪತ್ತು ಹೆಂಗಸರೂ ಒಟ್ಟಿಗೆ ತಲೆ ಆಡಿಸಿದರು. ಅವರಲ್ಲಿ ಒಬ್ಬರಿಗೂ ರಾಣಿಯ ಮೇಲೆ ನಂಬಿಕೆ ಇರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ಬಸವರಾಜಪ್ಪನವರ ಕೈ ಮೆಲ್ಲಗೆ ಕೆಳಗಿಳಿಯಿತು. ಅದರ ಜೊತೆ ಗಿಡ್ಡಪ್ಪನವರದೂ ಇಳಿಯಿತು.

ಮರಿಯಮ್ಮ ಮೇಡಂ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಫೈಲಿನ ಮೇಲೆ ತಲೆ ಬಗ್ಗಿಸಿದರು. ನಗು ತಡೆಯುತ್ತಿದ್ದರು ಅಂತ ಲಿಂಗಪ್ಪ ಆಮೇಲೆ ಹೇಳಿದ. ನಂತರ ತಲೆ ಎತ್ತಿ ಗಿಡ್ಡಪ್ಪನವರನ್ನು ಚೆನ್ನಾಗಿ ಬೈದರು. ಇಲ್ಲದ ಚರಿತ್ರೆ ಹೇಳುವುದು ಎಷ್ಟು ದೊಡ್ಡ ತಪ್ಪು, ಕಾಡಿನಲ್ಲಿ ಒಡೆದ ಬಳೆ ಬಿದ್ದರೆ ಪ್ರಾಣಿಗಳ ಕಾಲಿಗೆ ಏನಾಗುತ್ತದೆ, ಇದನ್ನೆಲ್ಲ ಬಿಡಿಸಿ ಹೇಳಿದರು. ಗಿಡ್ಡಪ್ಪ ಒಂದೊಂದಕ್ಕೂ "ಹೌದು ಮೇಡಂ" ಅಂದರು. ಅದಕ್ಕಿಂತ ದೊಡ್ಡದು ಹೇಳಲು ಅವರಿಗೆ ಏನೂ ತೋಚಲಿಲ್ಲ.

"ಇನ್ನೊಂದು ವಿಷಯ" ಅಂದರು ಮೇಡಂ. "ಲಿಂಗಪ್ಪ, ಹೇಳು."

"ಮುಂಚೆ ವಾರಕ್ಕೆ ಇಬ್ಬರನ್ನಾದರೂ ಹೊತ್ಕೊಂಡು ಇಳೀತಿದ್ದೆ" ಅಂದ ಲಿಂಗಪ್ಪ. "ಓಡಿ ಹತ್ತೋದು, ತಲೆ ತಿರುಗಿ ಬೀಳೋದು. ಈ ಮೂರು ವಾರದಲ್ಲಿ ಒಬ್ಬರೂ ಬಿದ್ದಿಲ್ಲ. ಎಲ್ಲಾ ಕೂತು ಕೂತು ಹೋಗ್ತಾರೆ. ನನ್ನ ಬೆನ್ನಿಗೂ ಆರಾಮ."

ತೀರ್ಪು ಹೀಗಾಯಿತು. ರಾಣಿ ಇರಕೂಡದು, ಕಲ್ಲು ಇರಬಹುದು. ಅಲ್ಲೊಂದು ಸಣ್ಣ ಬೋರ್ಡು ಹಾಕುವುದು: 'ಕೂತು, ಸುಧಾರಿಸಿಕೊಂಡು ಮುಂದೆ ಹೋಗಿ.' ಅರಿಶಿನ ಕುಂಕುಮವನ್ನು ಗಿಡ್ಡಪ್ಪನವರೇ ತೊಳೆಯುವುದು, ಬಳೆ ಚೂರನ್ನು ಅವರೇ ಆರಿಸುವುದು. ತಾನು ಹೇಳಿದ್ದು ಸುಳ್ಳು ಅಂತ ಫೋನಿನಲ್ಲಿ ಹೇಳಿ ಆ ಮೈಸೂರಿನ ಹುಡುಗಿಗೆ ಕಳಿಸುವುದು. ಕೊನೆಯದನ್ನು ಅಲ್ಲೇ ಮಾಡಿದರು. ಮೇಘಶ್ರೀ ಅದನ್ನೂ ಹಾಕಿದಳು. 'ಎಷ್ಟು ವಿನಯ! ರಾಣಿಯ ಗುಟ್ಟು ಕಾಪಾಡಲು ತಮ್ಮ ಮೇಲೇ ಹಾಕಿಕೊಂಡಿದ್ದಾರೆ' ಅಂತ ಜನ ಬರೆದರು. ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಕಲ್ಲಿನ ತನಕ ಹತ್ತಿದರು. ಗಿಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಲಿಂಗಪ್ಪ ಹೊತ್ತು ತಂದ ನೀರಿನಲ್ಲಿ ಕಲ್ಲು ಉಜ್ಜಿ ಉಜ್ಜಿ ತೊಳೆದರು. ಪ್ರೇಮಲತಾ ಹುಲ್ಲಿನಲ್ಲಿ ಬಳೆ ಚೂರು ಆರಿಸಿ ಚೀಲಕ್ಕೆ ಹಾಕಿದರು. "ಹಸಿರಂತೆ, ಹಸಿರು. ಹುಲ್ಲಲ್ಲಿ ಕಾಣೋದೂ ಇಲ್ಲ" ಅಂತ ಬೈದುಕೊಂಡರು. ಭವ್ಯಾಳಿಗೆ ಫೋನಿನಲ್ಲಿ ಎಲ್ಲಾ ಹೇಳಿದ್ದೂ ಅವರೇ. ಆ ಕಡೆಯಿಂದ ಮಗಳೂ ಅಳಿಯನೂ ಒಟ್ಟಿಗೆ ನಗುವುದು ಕೇಳಿಸಿತು. ಗಿಡ್ಡಪ್ಪನವರ ಕೈಯ ಉಜ್ಜುವಿಕೆಗೆ ಆಗಲೇ ಬಲ ಬಂದದ್ದು.

ಕಲ್ಲು ಬಿಸಿಲಿಗೆ ಒಣಗಿತು. ನಂಜಮ್ಮ ಹೋಗಿ ಕೂತರು. ಬಸವರಾಜಪ್ಪ ಎರಡು ಸಲ ಅತ್ತ ಇತ್ತ ಓಡಾಡಿದರು, ಮೇಲಿನ ದಾರಿ ನೋಡಿದರು, ಕೊನೆಗೆ ಬಂದು ಹೆಂಡತಿಯ ಪಕ್ಕದಲ್ಲಿ ಕೂತರು. ಹೆಂಗಸರು ಬುತ್ತಿ ಬಿಚ್ಚಿದರು. ಎಲ್ಲರ ಕೈಗೂ ರೊಟ್ಟಿ, ಶೇಂಗಾ ಚಟ್ನಿ ಬಂತು.

ಆಗ ಕೆಳಗಿನಿಂದ ಗಂಡಹೆಂಡಿರಿಬ್ಬರು ಹತ್ತಿ ಬಂದರು. ಗಂಡ ಇಪ್ಪತ್ತು ಹೆಜ್ಜೆ ಮುಂದೆ, ಹೆಂಡತಿ ಬ್ಯಾಗು ಹೊತ್ತು ಹಿಂದೆ. ಗಂಡ ಗಿಡ್ಡಪ್ಪನವರ ಗುರುತು ಹಿಡಿದು ಕೈ ಮುಗಿದ. "ಸರ್, ನೀವೇ ಅಲ್ವಾ? ರಾಣಿ ಎಲ್ಲಿ ಕೂತಿದ್ದು?"

ಗಿಡ್ಡಪ್ಪನವರ ಬಾಯಿ ತೆರೆಯಿತು. ಪ್ರೇಮಲತಾ ಅದರೊಳಗೆ ಒಂದು ತುಂಡು ರೊಟ್ಟಿ ಇಟ್ಟರು.

"ಕಾಣಂಗಿಲ್ಲೇನ್ರೀ?" ಅಂದರು ಬಸವರಾಜಪ್ಪ, ಪಕ್ಕಕ್ಕೆ ಕೈ ತೋರಿಸಿ. "ಇಲ್ಲೇ ಕುಂತಾಳಲ್ಲ."

"ಸುಮ್ನಿರ್ರಿ, ಮಂದಿ ಅದಾರ" ಅಂತ ನಂಜಮ್ಮ ಸೆರಗು ಸರಿಮಾಡಿಕೊಂಡು, ಸ್ವಲ್ಪ ಆಚೆ ಸರಿದು ಕೂತರು. ಹಿಂದೆ ಬರುತ್ತಿದ್ದ ಹೆಂಡತಿ ಅಷ್ಟರಲ್ಲಿ ಕಲ್ಲಿನ ಹತ್ತಿರ ಮುಟ್ಟಿದಳು. ಗಂಡನನ್ನು ಒಮ್ಮೆ ನೋಡಿದಳು, ಖಾಲಿಯಾದ ಜಾಗವನ್ನು ನೋಡಿದಳು, ಬ್ಯಾಗು ಅವನ ಕೈಗೆ ಕೊಟ್ಟು ನಂಜಮ್ಮನ ಪಕ್ಕದಲ್ಲಿ ಕೂತೇಬಿಟ್ಟಳು.

"ಎಷ್ಟು ಹೊತ್ತು ಕೂರಬೇಕು?" ಅಂತ ಗಂಡ ಕೇಳಿದ.

"ನಿಮ್ಮ ಮನಿಯವರನ್ನೇ ಕೇಳ್ರಿ" ಅಂದರು ಬಸವರಾಜಪ್ಪ.